ಫೆಬ್ರುವರಿ 2ರ ಮೇಣದಬತ್ತಿ

ಫೆಬ್ರುವರಿ 2 ಕಥೋಲಿಕ ಕ್ರೈಸ್ತರಿಗೆ ಪ್ರಭು ಯೇಸುವಿನ ಸಮರ್ಪಣೆಯ ಹಬ್ಬ. ಡಿಸೆಂಬರ್ 25ನ್ನೂ ಸೇರಿಸಿ ಎಣಿಸಿದರೆ ಅದು ನಲವತ್ತನೆಯ ದಿನ. ಬೀದರ್, ಭಾಲ್ಕಿ, ಔರಾದ್ ಕಡೆಯ ಕ್ರೈಸ್ತರಲ್ಲಿ ಮೆಥೋಡಿಸ್ಟರೇ ಹೆಚ್ಚು. ಆದರೆ ಈ ದಿನ ಮೇಣದಬತ್ತಿ ಮಂತ್ರಿಸುವ ವಿಧಿ ಮುಖ್ಯವಾಗಿ ಕಥೋಲಿಕರದು. ಬೀದರ್ ಜಿಲ್ಲೆಯ ಕಥೋಲಿಕರು 2005ರಲ್ಲಿ ರಚನೆಯಾದ ಗುಲ್ಬರ್ಗಾ ಧರ್ಮಪ್ರಾಂತ್ಯಕ್ಕೆ ಸೇರಿದವರು.

ಹಬ್ಬದ ಮೂಲ ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿದೆ. ಯೆಹೂದ್ಯರ ಧರ್ಮಶಾಸ್ತ್ರದ ಪ್ರಕಾರ ಗಂಡುಮಗು ಹೆತ್ತ ತಾಯಿ ನಲವತ್ತು ದಿನ ಕಳೆದ ಮೇಲೆ ದೇವಾಲಯದಲ್ಲಿ ಕುರಿಮರಿಯ ಕಾಣಿಕೆ ಕೊಡಬೇಕಿತ್ತು. ಅಷ್ಟು ಶಕ್ತಿಯಿಲ್ಲದವರಿಗೆ ಜೋಡಿ ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿ ಸಾಕಿತ್ತು. ಮರಿಯ ಮತ್ತು ಜೋಸೆಫರ ವಿಷಯದಲ್ಲಿ ಲೂಕ ಹೇಳುವುದು ಈ ಬಡವರ ಕಾಣಿಕೆಯನ್ನೇ. ಜಗತ್ತಿಗೆ ಬೆಳಕೆಂದು ಸಾರಲ್ಪಟ್ಟ ಮಗು ಹೀಗೆ ಬಡವರ ಸಾಲಿನಲ್ಲಿ ದೇವಾಲಯಕ್ಕೆ ಬಂದದ್ದು ಈ ಹಬ್ಬದ ಅತಿ ಮುಖ್ಯ ಸಂಗತಿ. ಮಗುವನ್ನು ಬೆಳಕೆಂದು ಸಾರಿದವನು ಸಿಮೆಯೋನ. ಮೆಸ್ಸೀಯನನ್ನು ಕಾಣದೆ ಸಾಯುವುದಿಲ್ಲ ಎಂಬ ಭರವಸೆ ಹೊತ್ತು ಕಾಯುತ್ತಿದ್ದ ಆತ ಮಗುವನ್ನು ತೋಳಿಗೆತ್ತಿಕೊಂಡು ದೇವರನ್ನು ಸ್ತುತಿಸಿದ. ಉಪವಾಸ, ಪ್ರಾರ್ಥನೆಗಳಲ್ಲೇ ಬಾಳುತ್ತಿದ್ದ ಅನ್ನ ಎಂಬ ವೃದ್ಧ ವಿಧವೆ ಆ ಸುದ್ದಿಯನ್ನು ಜನರಿಗೆ ಹೇಳಿದಳು.

ನಾಲ್ಕನೆಯ ಶತಮಾನದ ಕೊನೆಯಲ್ಲಿ ಜೆರುಸಲೇಮಿಗೆ ಹೋದ ಯಾತ್ರಿಕೆ ಎಗೇರಿಯಾ ಈ ಹಬ್ಬದ ಆಚರಣೆಯನ್ನು ದಾಖಲಿಸಿದ್ದಾಳೆ. 542ರ ಹೊತ್ತಿಗೆ ಚಕ್ರವರ್ತಿ ಜಸ್ಟಿನಿಯನ್‌ನ ಕಾಲದಲ್ಲಿ ಅದು ಕಾನ್‌ಸ್ಟಾಂಟಿನೋಪಲ್‌ನಲ್ಲೂ ನೆಲೆಯೂರಿತು. ರೋಮಿನಲ್ಲಿ ಏಳನೆಯ ಶತಮಾನದ ಕೊನೆಗೆ ಪೋಪ್ ಒಂದನೆಯ ಸೆರ್ಜಿಯಸ್ ಮೆರವಣಿಗೆಯನ್ನು ಗೊತ್ತುಪಡಿಸಿದರು. ಬತ್ತಿ ಮಂತ್ರಿಸುವ ವಿಧಿ ಆಮೇಲಿನದು.

ವಿಧಿ ಆರಂಭವಾಗುವುದು ಚರ್ಚಿನ ಹೊರಗೆ ಅಥವಾ ಬಾಗಿಲಲ್ಲಿ. ನೆರೆದವರ ಕೈಯಲ್ಲಿ ಹಚ್ಚಿದ ಬತ್ತಿ. ಕರಗಿದ ಮೇಣ ಬೆರಳಿಗೆ ಬೀಳದಿರಲೆಂದು ಕೆಲವರು ಬುಡಕ್ಕೆ ಕಾಗದದ ಬಿಲ್ಲೆ ತೂರಿಸಿರುತ್ತಾರೆ. ಗುರುಗಳು ಪ್ರಾರ್ಥಿಸಿ, ಪವಿತ್ರ ಜಲ ಚಿಮುಕಿಸುತ್ತಾರೆ. ಬಳಿಕ ಎಲ್ಲರೂ ಹಾಡುತ್ತ ಒಳಗೆ ಹೋಗುತ್ತಾರೆ, ಬಲಿಪೂಜೆ ನಡೆಯುತ್ತದೆ. ಸಿಮೆಯೋನ ಮಗುವನ್ನು ಎತ್ತಿಕೊಂಡಂತೆ ಭಕ್ತರು ಬೆಳಕನ್ನು ಕೈಯಲ್ಲಿ ಹಿಡಿದು ನಡೆಯುವುದೇ ಮೆರವಣಿಗೆಯ ಅರ್ಥ.

ಮಂತ್ರಿಸಿದ ಬತ್ತಿಯನ್ನು ಮನೆಗೆ ಒಯ್ದು ಜೋಪಾನ ಮಾಡುವ, ಗುಡುಗು–ಸಿಡಿಲಿನ ಹೊತ್ತಿನಲ್ಲಿ, ಕಾಯಿಲೆಯವರ ಹಾಸಿಗೆಯ ಬಳಿ, ಸಾವಿನ ಗಳಿಗೆಯಲ್ಲಿ ಹಚ್ಚುವ ರೂಢಿ ಹಲವು ದೇಶಗಳಲ್ಲಿ ಬೆಳೆದಿದೆ. ಫ್ರಾನ್ಸಿನಲ್ಲಿ ಅಂದು ತೆಳು ದೋಸೆಯಂಥ ಕ್ರೇಪ್, ಮೆಕ್ಸಿಕೋದಲ್ಲಿ ಮೆಕ್ಕೆಜೋಳದ ಹಿಟ್ಟಿನ ತಮಾಲೆ ಮಾಡುತ್ತಾರೆ. 1997ರಿಂದ ಫೆಬ್ರುವರಿ 2 ಸನ್ಯಾಸಿ, ಕನ್ಯಾಸ್ತ್ರೀಯರಿಗಾಗಿ ಪ್ರಾರ್ಥಿಸುವ ದಿನವೂ ಹೌದು. ಪೋಪ್ ಎರಡನೆಯ ಜಾನ್ ಪಾಲ್ ಹಾಗೆಂದು ಘೋಷಿಸಿದರು. ಮರುದಿನ, ಫೆಬ್ರುವರಿ 3ರ ಸಂತ ಬ್ಲೇಸ್ ಹಬ್ಬದಲ್ಲಿ, ಎರಡು ಮೇಣದಬತ್ತಿಗಳನ್ನು ಅಡ್ಡಡ್ಡ ಹಿಡಿದು ಕೊರಳಿಗೆ ಮುಟ್ಟಿಸಿ, ಗಂಟಲ ಬೇನೆ ಬಾರದಿರಲೆಂದು ಆಶೀರ್ವದಿಸುತ್ತಾರೆ.