ಸೊಂಡಿಲಿದ್ದ ಮಾತ್ರಕ್ಕೆ ಬೇಟೆಗಾರನಲ್ಲ

ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂಗೆ ಲೈವ್ ರಾಕ್ (ಜೀವಿಗಳು ನೆಲೆಸಿದ ಸಮುದ್ರದ ಕಲ್ಲು) ಇಳಿಸಿದರೆ ಅದರ ಸಂದುಗೊಂದುಗಳಲ್ಲಿ ಅಡಗಿದ್ದ ಬಸವನಹುಳುಗಳೂ ಜೊತೆಗೇ ಇಳಿಯುತ್ತವೆ. ಕೆಲವರು ಅವನ್ನೆಲ್ಲ ನಂಬುತ್ತಾರೆ, ಕೆಲವರು ಕಂಡದ್ದನ್ನೆಲ್ಲ ಹೆಕ್ಕಿ ಎಸೆಯುತ್ತಾರೆ.

ತಪ್ಪು ಕಲ್ಪನೆ: ಚಿಪ್ಪಿನ ಬಾಯಲ್ಲಿ ಕಚ್ಚು ಇದ್ದರೆ ಅದು ಕೊಲೆಗಾರ.

ವಾಸ್ತವ: ಈ ಗುರುತಿಗೆ ಆಧಾರವೇನೋ ಇದೆ. ಮ್ಯೂರೆಕ್ಸ್, ವೆಲ್ಕ್‌ಗಳಂಥ ಮಾಂಸಾಹಾರಿಗಳ ಚಿಪ್ಪಿನ ಬಾಯಿಯ ಮುಂತುದಿಯಲ್ಲಿ ಕಚ್ಚೋ ಕಾಲುವೆಯೋ ಇರುತ್ತದೆ. ಅಲ್ಲಿಂದ ಸೊಂಡಿಲಿನಂಥ ನಳಿಕೆ ಚಾಚಿ, ಒಳಗೆಳೆದ ನೀರಿನಲ್ಲೇ ಬೇಟೆಯ ವಾಸನೆ ಹಿಡಿಯುತ್ತವೆ. ಪಾಚಿ ಮೇಯುವ ಟರ್ಬೊ, ಟ್ರೋಕಸ್‌ಗಳ ಬಾಯಂಚಿನಲ್ಲಿ ಕಚ್ಚು ಇರುವುದಿಲ್ಲ. ಆದರೆ ಸೆರಿತಿಯಂ ಮತ್ತು ಸ್ಟ್ರಾಂಬಸ್‌ಗಳಿಗೆ ಕಚ್ಚು ಇದ್ದರೂ ಅವು ಪಾಚಿ, ಕೊಳೆ ತಿಂದು ಬದುಕುವಂಥವು. ಮರಳಿನಿಂದ ನಳಿಕೆ ಮಾತ್ರ ಹೊರಹಾಕಿ ಕೂರುವ ನಸ್ಸೇರಿಯಸ್ ಮಾಂಸ ತಿನ್ನುವುದು ನಿಜ, ಆದರೆ ಅದಕ್ಕೆ ಬೇಕಾದದ್ದು ಸತ್ತ ಮೀನು, ಉಳಿದ ಆಹಾರ.

ಗುರುತು ಇನ್ನೊಂದು ಕಡೆಯೂ ಸೋಲುತ್ತದೆ. ಕಪ್ಪು-ಬಿಳುಪು ಚೌಕಳಿಯ ಹೀಲಿಯಾಕಸ್‌ಗೆ ಕಚ್ಚೇ ಇಲ್ಲ. ಅದು ತಿನ್ನುವುದು ಹವಳದ ಬಂಧುಗಳಾದ ಜೊಯಾಂಥಿಡ್‌ಗಳನ್ನು. ಹಾಗಾಗಿ ಕಚ್ಚು ಕಂಡರೆ ಅನುಮಾನಪಡಿ, ತೀರ್ಪು ಕೊಡಬೇಡಿ.

ತಪ್ಪು ಕಲ್ಪನೆ: ಇಷ್ಟು ಚಿಕ್ಕದು ಏನು ಮಾಡೀತು?

ವಾಸ್ತವ: ಪಿರಮಿಡೆಲ್ಲಿಡ್ ಕುಟುಂಬದವು ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್ ಉದ್ದ, ಬಿಳಿ, ಚೂಪು ತುದಿ. ಇವು ಟ್ರೈಡಾಕ್ನಾ ಮೃದ್ವಂಗಿಗೋ ಟರ್ಬೊ ಹುಳಕ್ಕೋ ಅಂಟಿಕೊಂಡು, ಸೂಜಿಮೊನೆಯ ಬಾಯಿ ಚುಚ್ಚಿ ರಸ ಹೀರುತ್ತವೆ. ಹಗಲಲ್ಲಿ ಹುಡುಕಿದರೆ ಸಿಗುವುದು ಕಷ್ಟ. ದೀಪ ಆರಿ ಒಂದೆರಡು ಗಂಟೆಯಾದ ಮೇಲೆ ಟಾರ್ಚ್ ಹಿಡಿದು ಚಿಪ್ಪಿನ ಅಂಚು ನೋಡಿ. ಹಾಗೆಂದು ಗಾಜಿನ ಮೇಲಿನ ಪ್ರತಿ ಪುಟ್ಟ ಹುಳವೂ ಶತ್ರುವಲ್ಲ: ದುಂಡಗಿನ ಕೊಲೊನಿಸ್ಟಾ ಕೂಡ ರಾತ್ರಿಯೇ ಹೊರಬರುತ್ತದೆ, ಪಾಚಿ ಮೇಯ್ದು ಹೋಗುತ್ತದೆ.

ತಪ್ಪು ಕಲ್ಪನೆ: ಸತ್ತ ಹುಳದ ಮೇಲೆ ಸಿಕ್ಕಿದ್ದೇ ಕೊಂದದ್ದು.

ವಾಸ್ತವ: ನಸ್ಸೇರಿಯಸ್ ಹೆಣದ ವಾಸನೆಗೆ ನಿಮಿಷಗಳಲ್ಲಿ ಓಡಿಬರುತ್ತದೆ, ಅಪರಾಧಿ ಅಷ್ಟರಲ್ಲಿ ಜಾಗ ಖಾಲಿ ಮಾಡಿರಬಹುದು. ಚಿಪ್ಪಿನ ಆಸೆಗೆ ಹುಳ ಕೊಲ್ಲುವ ಹರ್ಮಿಟ್ ಏಡಿಯನ್ನೂ ಮರೆಯಬೇಡಿ. ಖಾಲಿ ಚಿಪ್ಪಿನಲ್ಲಿ ನಯವಾದ ದುಂಡು ತೂತು ಕಂಡರೆ ಮಾತ್ರ ಕೊರೆಯುವ ಹುಳದ ಮೇಲೆ ಗುಮಾನಿ ಗಟ್ಟಿಯಾಗುತ್ತದೆ. ಅನುಮಾನದ ಹುಳವನ್ನು ಟ್ಯಾಂಕ್‌ಗೆ ಜೋಡಿಸಿದ ತೊಟ್ಟಿಯಾದ ಸಂಪ್‌ನಲ್ಲಿ ಬೇರೆಯಿಟ್ಟು ಗಮನಿಸುವುದೇ ನನಗೆ ಸರಿಯೆನಿಸುತ್ತದೆ.

ತಪ್ಪು ಕಲ್ಪನೆ: ಅಂಗಡಿಯವರು ಮಾರಿದ್ದು ಸುರಕ್ಷಿತ.

ವಾಸ್ತವ: ಹಳದಿ-ಕಪ್ಪು ಪಟ್ಟೆಯ ಬಂಬಲ್‌ಬೀ ಹುಳವನ್ನು 'ಟ್ಯಾಂಕ್ ಶುಚಿ ಮಾಡುತ್ತದೆ' ಎಂದು ಮಾರುವುದುಂಟು. ಅದು ಪಾಚಿ ಮುಟ್ಟುವುದಿಲ್ಲ, ಮರಳಿಗೆ ಬೇಕಾದ, ಎರೆಹುಳುವಿನಂಥ ಸಣ್ಣ ಹುಳುಗಳನ್ನು ಬೇಟೆಯಾಡುತ್ತದೆ. ಫ್ಲಾರಿಡಾ ಕಡೆಯ ಕ್ರೌನ್ ಕಾಂಕ್ ಇನ್ನೂ ಒಂದು ಹೆಜ್ಜೆ ಮುಂದೆ, ನಿಮ್ಮ ಟರ್ಬೊಗಳನ್ನೇ ತಿನ್ನುತ್ತದೆ.

ತಪ್ಪು ಕಲ್ಪನೆ: ಎತ್ತಿ ನೋಡಿದರೇನಾಯಿತು?

ವಾಸ್ತವ: ಶಂಕುವಿನಾಕಾರದ ಚಂದದ ಚಿಪ್ಪಾದರೆ ಮುಟ್ಟಬೇಡಿ. ಕೋನಸ್ ಜಾತಿಯವು ಈಟಿಯಂಥ ವಿಷದ ಹಲ್ಲು ಹಾರಿಸುತ್ತವೆ. ಕೋನಸ್ ಜಿಯೋಗ್ರಾಫಸ್ ಮನುಷ್ಯರನ್ನು ಕೊಂದ ದಾಖಲೆಗಳಿವೆ, ಅದಕ್ಕೆ ಪ್ರತಿವಿಷವಿಲ್ಲ. ಚಿಪ್ಪಿನ ಹಿಂತುದಿ ಹಿಡಿದರೆ ಭಯವಿಲ್ಲ ಎನ್ನುವ ಮಾತನ್ನೂ ನಂಬಬೇಡಿ. ಅದರ ಬಾಯಿ ಅಲ್ಲಿಯವರೆಗೂ ಬಳುಕಿ ಚಾಚಬಲ್ಲದು. ಉದ್ದದ ಇಕ್ಕುಳ ಬಳಸಿ.