ಯೆಜ್ಡಿ ಎಂಜಿನ್ ಬಿಚ್ಚುವ ಮುನ್ನ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ತಯಾರಾದ ಮೋಟಾರ್ ಸೈಕಲ್‌ಗಳು ಮಾತ್ರ ಇನ್ನೂ ರಸ್ತೆ ಬಿಟ್ಟಿಲ್ಲ. ಅಜ್ಜ ಕೊಂಡ ಜಾವಾ, ಅಪ್ಪ ಓಡಿಸಿದ ಯೆಜ್ಡಿ ಹಿತ್ತಿಲ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ನಿಂತಿರುವ ಮನೆಗಳು ಹಳೆ ಮೈಸೂರು ಸೀಮೆಯಲ್ಲಿ ಸಾಕಷ್ಟಿವೆ. ಒಂದು ದಿನ ಮನೆಯ ಹುಡುಗನಿಗೆ ಅದನ್ನು ಓಡಿಸುವ ಹುಮ್ಮಸ್ಸು ಬರುತ್ತದೆ. ಕಿಕ್ಕರ್ ತುಳಿದರೆ ಅದು ಕೆಳಗಿಳಿಯುವುದೇ ಇಲ್ಲ. ಎಂಜಿನ್ ಜಾಮ್ ಆಗಿದೆ, ಬಿಚ್ಚಲೇಬೇಕು. ಬಿಚ್ಚುವುದು ಅರ್ಧ ದಿನದ ಕೆಲಸ. ಅದನ್ನು ಮತ್ತೆ ಓಡುವಂತೆ ಜೋಡಿಸುವುದಕ್ಕೆ ಕೆಲವರಿಗೆ ಒಂದು ತಿಂಗಳು ಸಾಕು, ಇನ್ನು ಕೆಲವರಿಗೆ ಹತ್ತು ವರ್ಷವಾದರೂ ಆಗುವುದಿಲ್ಲ. ಡಬ್ಬದಲ್ಲಿ ತುಂಬಿಟ್ಟ ಬಿಡಿಭಾಗಗಳು ಕೊನೆಗೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ.

ಜಾವಾದ ಮೂಲ ಇಂದಿನ ಚೆಕ್ ಗಣರಾಜ್ಯ. ಪ್ರಾಗ್ ನಗರದ ಉದ್ಯಮಿ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ ತಯಾರಿಸುವ ಹಕ್ಕು ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ವಾಂಡರರ್‌ನ ಮೊದಲೆರಡು ಅಕ್ಷರಗಳನ್ನು ಸೇರಿಸಿ ಜಾವಾ ಎಂದು ಕರೆದ. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರ ಸಾಹಸದಿಂದ ಅದು ಮೈಸೂರಿಗೆ ಬಂತು. 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಎಪ್ಪತ್ತರ ದಶಕದಲ್ಲಿ ಗಾಡಿಯ ಮೇಲಿನ ಹೆಸರು ಯೆಜ್ಡಿ ಎಂದಾಯಿತು. ಇರಾನಿನ ಯಜ್ದ್ ನಗರದ ನೆನಪು ಆ ಹೆಸರಿನಲ್ಲಿದೆ. ಎಂಬತ್ತರ ದಶಕದ ನಡುವೆ ಜಪಾನಿನ ತಂತ್ರಜ್ಞಾನದ ನೂರು ಸಿ.ಸಿ. ಗಾಡಿಗಳು ಬಂದು, ಪೆಟ್ರೋಲಿನ ಲೆಕ್ಕ ಹಾಕುವವರೆಲ್ಲ ಅತ್ತ ಸರಿದರು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮಾರುಕಟ್ಟೆಗೆ ಮರಳಿದವು, ನಿಜ. ಆದರೆ ಈ ಹೊಸ ಗಾಡಿಗಳದು ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಎಂಜಿನ್. ಅದರ ಒಂದು ಭಾಗವೂ ಹಳೆಯ ಎಂಜಿನ್ನಿಗೆ ಒದಗದು.

ಹಳೆಯ 250ರ ಎಂಜಿನ್ ನೋಡಲು ಬಹಳ ಸರಳ. ಒಂದೇ ಸಿಲಿಂಡರ್. ಅದರ ಒಳವ್ಯಾಸ 65 ಮಿ.ಮೀ., ಪಿಸ್ಟನ್ ಏರಿಳಿಯುವ ದೂರ 75 ಮಿ.ಮೀ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಆಯಿಲ್ ಪಂಪೂ ಇಲ್ಲ. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಇವಿಷ್ಟೇ ಓಡಾಡುವ ಮುಖ್ಯ ಭಾಗಗಳು. ಹೊಸಬರು ಧೈರ್ಯ ಮಾಡುವುದು ಈ ಸರಳತೆಯನ್ನು ನಂಬಿ. ಏಟು ತಿನ್ನುವುದೂ ಇಲ್ಲಿಯೇ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಮೇಲ್ಭಾಗದಲ್ಲಿ ನಡೆಯುವಷ್ಟೇ ವ್ಯವಹಾರ ಕೆಳಭಾಗದಲ್ಲೂ ನಡೆಯುತ್ತದೆ. ಪಿಸ್ಟನ್ ಮೇಲೇರಿದಾಗ ಕೆಳಗಿನ ಕ್ರ್ಯಾಂಕ್ ಕೋಣೆ ಕಾರ್ಬೊರೇಟರಿನಿಂದ ಗಾಳಿ, ಪೆಟ್ರೋಲು, ಎಣ್ಣೆಯ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಪಿಸ್ಟನ್ ಇಳಿದಾಗ ಆ ಮಿಶ್ರಣ ಒತ್ತಡಕ್ಕೆ ಸಿಕ್ಕಿ, ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳ ಮೂಲಕ ಮೇಲಕ್ಕೆ ನುಗ್ಗುತ್ತದೆ. ಅಂದರೆ ಕ್ರ್ಯಾಂಕ್ ಕೋಣೆಯೇ ಇಲ್ಲಿ ಪಂಪು. ಪಂಪಿನಲ್ಲಿ ಎಲ್ಲಿಯಾದರೂ ಸೋರಿಕೆ ಇದ್ದರೆ ಎಷ್ಟು ಹೊಸ ಪಿಸ್ಟನ್ ಹಾಕಿದರೂ ಪ್ರಯೋಜನವಿಲ್ಲ.

ಈ ಪಂಪನ್ನು ಕಾಯುವುದು ಕ್ರ್ಯಾಂಕಿನ ಎರಡು ಬದಿಯಲ್ಲಿರುವ ರಬ್ಬರಿನ ಆಯಿಲ್ ಸೀಲ್‌ಗಳು. ಬೆಲೆ ನೋಡಿದರೆ ಇಡೀ ಎಂಜಿನ್ನಿನಲ್ಲಿ ಇವು ತೀರಾ ಅಗ್ಗದ ವಸ್ತುಗಳು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಇವು ಒಣಗಿ ಕಲ್ಲಾಗಿರುತ್ತವೆ. ಬಲಬದಿಯ ಡೈನಮೋ ಕಡೆಯ ಸೀಲ್ ಹೋದರೆ ಎಂಜಿನ್ ಹೊರಗಿನ ಗಾಳಿಯನ್ನು ಎಳೆದುಕೊಂಡು, ಪೆಟ್ರೋಲಿನ ಅಂಶ ಕಡಿಮೆಯಾಗಿ, ವಿಪರೀತ ಬಿಸಿಯಾಗುತ್ತದೆ. ಎಡಬದಿಯ ಕ್ಲಚ್ ಕಡೆಯದು ಹೋದರೆ ಅಲ್ಲಿಯ ಗೇರ್ ಎಣ್ಣೆಯನ್ನೇ ಕುಡಿದು ಬಿಳಿ ಹೊಗೆ ಕಾರುತ್ತದೆ. ಹೊಗೆ ಕಂಡ ಕೂಡಲೇ ಪಿಸ್ಟನ್ ಬದಲಾಯಿಸಿ, ಹೊಗೆ ನಿಲ್ಲದೆ ತಲೆಯ ಮೇಲೆ ಕೈ ಹೊತ್ತು ಕೂತವರ ಕಥೆ ಯಾವ ಗ್ಯಾರೇಜಿನಲ್ಲಿ ಕೇಳಿದರೂ ಸಿಗುತ್ತದೆ.

ಮೊದಲ ಸಲ ಎಂಜಿನ್ ಬಿಚ್ಚುವವರು ಹೆಚ್ಚಾಗಿ ಎಡವುವುದು ಹಟ ಹಿಡಿದ ಸ್ಕ್ರೂ ಮತ್ತು ನಟ್‌ಗಳ ಮುಂದೆ. ಎಂಜಿನ್ನಿನ ಹೊರಮೈ ಅಲ್ಯೂಮಿನಿಯಂ, ಸ್ಕ್ರೂ ಉಕ್ಕಿನದು. ದಶಕಗಳ ತೇವದಲ್ಲಿ ಎರಡೂ ಕಚ್ಚಿಕೊಂಡಿರುತ್ತವೆ. ಬಲ ಹಾಕಿ ತಿರುಗಿಸಿದರೆ ಸ್ಕ್ರೂವಿನ ತಲೆಯ ಗೀರು ಸವೆದು ಹೋಗುತ್ತದೆ. ಸುತ್ತಿಗೆಯ ಏಟಿನ ಜೊತೆಗೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಇಲ್ಲಿ ಬೇಕೇ ಬೇಕು. ಕ್ಲಚ್ ತೆಗೆಯಲು ಪುಲ್ಲರ್ ಬೇಕು. ಕ್ರ್ಯಾಂಕ್ ಕೇಸಿನ ಎರಡು ಹೋಳುಗಳನ್ನು ಬೇರ್ಪಡಿಸುವಾಗ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟುವುದಂತೂ ಮಹಾಪರಾಧ. ಮೃದುವಾದ ಲೋಹದ ಮೇಲೆ ಒಂದು ಗೀರು ಬಿದ್ದರೂ ಮುಂದೆ ಅಲ್ಲಿಂದಲೇ ಗಾಳಿ ಸೋರುತ್ತದೆ. ಈ ಎರಡು ಹೋಳುಗಳು ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಕೊರೆಯಲ್ಪಟ್ಟವು. ಒಂದನ್ನು ಒಡೆದುಕೊಂಡು ಬೇರೆ ಎಂಜಿನ್ನಿನ ಹೋಳು ತಂದರೆ ಬೇರಿಂಗ್‌ಗಳು ಒಂದೇ ಗೆರೆಗೆ ಬರುವ ಭರವಸೆಯಿಲ್ಲ. ಕಾಗದಪತ್ರದ ತೊಡಕು ಬೇರೆ. ಎಂಜಿನ್ ನಂಬರ್ ಕೆತ್ತಿರುವುದು ಕ್ರ್ಯಾಂಕ್ ಕೇಸಿನ ಮೇಲೆಯೇ. ಅದು ಬದಲಾದರೆ ಆರ್.ಸಿ. ಪುಸ್ತಕದ ಗಾಡಿಯೇ ಬೇರೆ, ಎದುರಿಗಿರುವ ಗಾಡಿಯೇ ಬೇರೆ ಎಂದಾಗುತ್ತದೆ.

ಹಳೆಯ ಉಸ್ತಾದರು ಸುತ್ತಿಗೆಗಿಂತ ಬೆಂಕಿಯನ್ನು ನಂಬಿದವರು. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕೇಸನ್ನು ಹದವಾಗಿ ಕಾಯಿಸಿದರೆ ಅದರಲ್ಲಿ ಬಿಗಿಯಾಗಿ ಕೂತ ಬೇರಿಂಗ್ ತಾನಾಗಿಯೇ ಸಡಿಲಾಗಿ ಕೆಳಗೆ ಬೀಳುತ್ತದೆ. ಭೌತಶಾಸ್ತ್ರದ ಪುಸ್ತಕ ತೆರೆಯದವರೂ ಈ ಪಾಠವನ್ನು ಕೈಯಲ್ಲಿ ಕಲಿತಿದ್ದರು. ಅವರ ಬಳಿ ಸೇರಿದ ಹುಡುಗರು ತಿಂಗಳುಗಟ್ಟಲೆ ಸೀಮೆಎಣ್ಣೆಯಲ್ಲಿ ಭಾಗಗಳನ್ನು ತೊಳೆಯುತ್ತಲೇ ಇರಬೇಕಾಗಿತ್ತು. ಯಾವ ಭಾಗ ಎಲ್ಲಿ ಸವೆಯುತ್ತದೆ ಎಂಬುದು ಬೆರಳಿಗೆ ಗೊತ್ತಾಗುತ್ತಿದ್ದುದು ಆ ತೊಳೆಯುವ ಕೆಲಸದಲ್ಲಿಯೇ. ಆ ತಲೆಮಾರು ಈಗ ಕೆಲಸದಿಂದ ನಿವೃತ್ತವಾಗುತ್ತಿದೆ. ಕೈಪಿಡಿಯಲ್ಲಿ ಅಳತೆಗಳಿವೆ, ಆದರೆ ಹದ ಎಂಬುದಿಲ್ಲ.

ಎಲ್ಲವನ್ನೂ ಮನೆಯಲ್ಲೇ ಮಾಡುತ್ತೇನೆಂದರೆ ಆಗುವುದಿಲ್ಲ. ಲೇತ್ ಅಂಗಡಿಗೆ ಎರಡು ಕೆಲಸ ಹೋಗಲೇಬೇಕು. ಮೊದಲನೆಯದು ಬೋರ್. ಸಿಲಿಂಡರ್ ಎಲ್ಲ ಕಡೆ ಒಂದೇ ಸಮನಾಗಿ ಸವೆಯುವುದಿಲ್ಲ; ಮೇಲ್ಭಾಗದಲ್ಲಿ ಹೆಚ್ಚು, ಕೆಳಗೆ ಕಡಿಮೆ. ದುಂಡಗಿದ್ದದ್ದು ತುಸು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಅದನ್ನು ಕೊರೆದು ದುಂಡಗೆ ಮಾಡಿ, ಕಾಲು ಮಿ.ಮೀ. ದಪ್ಪದ ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ. 65 ಇದ್ದದ್ದು 65.25, ಆಮೇಲೆ 65.50 ಹೀಗೆ. ಪ್ರತಿ ಬೋರ್ ಕೂಡ ಸಿಲಿಂಡರಿನ ಆಯುಷ್ಯದಿಂದ ಕಳೆದ ಒಂದು ಕಂತು. ಗೋಡೆ ತೆಳುವಾದ ಮೇಲೆ ಹೊಸ ಸ್ಲೀವ್ ಹೊಡೆಸುವುದೊಂದೇ ದಾರಿ. ಆದ್ದರಿಂದ ಮೊದಲು ಪಿಸ್ಟನ್ ಕೊಂಡು, ಅದನ್ನೇ ಅಳೆದು, ಅದಕ್ಕೆ ತಕ್ಕಂತೆ ಕೊರೆಸಬೇಕು. ಪೆಟ್ಟಿಗೆಯ ಮೇಲೆ ಮುದ್ರಿಸಿದ ಅಳತೆಯನ್ನು ನಂಬಿ ಕೊರೆಸಿದರೆ ಕೆಟ್ಟಂತೆ. ಪಿಸ್ಟನ್ನಿಗೂ ಗೋಡೆಗೂ ನಡುವೆ ಇರಬೇಕಾದ ಸಂದು ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು. ಪಿಸ್ಟನ್ ಅಲ್ಯೂಮಿನಿಯಂ, ಸಿಲಿಂಡರ್ ಬೀಡುಕಬ್ಬಿಣ. ಬಿಸಿಗೆ ಪಿಸ್ಟನ್ನೇ ಹೆಚ್ಚು ಹಿಗ್ಗುವುದರಿಂದ ಸಂದು ಸಾಲದಿದ್ದರೆ ಓಡುವಾಗಲೇ ಕಚ್ಚಿಕೊಂಡು ಹಿಂದಿನ ಚಕ್ರ ನಿಂತುಬಿಡುತ್ತದೆ. ಹೆದ್ದಾರಿಯಲ್ಲಿ ಹೀಗಾದರೆ ಸವಾರನ ಜೀವಕ್ಕೇ ಸಂಚಕಾರ.

ಎರಡನೆಯದು ಕ್ರ್ಯಾಂಕ್. ಎರಡು ಭಾರದ ಚಕ್ರಗಳನ್ನು ಒಂದು ಪಿನ್ನಿನಿಂದ ಒತ್ತಿ ಕೂರಿಸಿದ ರಚನೆ ಅದು. ಕನೆಕ್ಟಿಂಗ್ ರಾಡ್ ಬದಲಿಸಬೇಕೆಂದರೆ ಪ್ರೆಸ್ಸಿನಲ್ಲಿ ಪಿನ್ ಹೊರತೆಗೆದು, ಹೊಸದನ್ನು ಕೂರಿಸಿ, ಡಯಲ್ ಗೇಜ್ ಇಟ್ಟು ತಿರುಗಿಸುತ್ತ ಓಲಾಟವನ್ನು ಮಿ.ಮೀ.ನ ನೂರನೇ ಕೆಲವು ಭಾಗಗಳಿಗೆ ತರಬೇಕು. ನಿಮಿಷಕ್ಕೆ ಮೂರು ಸಾವಿರ ಸುತ್ತು ಎಂದರೆ ಪಿಸ್ಟನ್ ಸೆಕೆಂಡಿಗೆ ಐವತ್ತು ಸಲ ಮೇಲೆ ಕೆಳಗೆ ಆಡುತ್ತದೆ. ಅಷ್ಟು ವೇಗದಲ್ಲಿ ಸಣ್ಣ ಓಲಾಟವೂ ಬೇರಿಂಗನ್ನು ತಿಂದುಹಾಕುತ್ತದೆ. ಲೇತ್ ಅಂಗಡಿಯವರು ಸರಿಮಾಡಿ ಕೊಟ್ಟ ಕ್ರ್ಯಾಂಕನ್ನು ಮನೆಗೆ ತಂದು ಸುತ್ತಿಗೆಯಿಂದ ಬಡಿದು ಕೇಸಿಗೆ ಇಳಿಸುವವರೂ ಇದ್ದಾರೆ! ಕೊಟ್ಟ ಹಣವೆಲ್ಲ ಆ ಒಂದೇಟಿಗೆ ನೀರುಪಾಲು.

ಜೋಡಣೆಯಲ್ಲಿ ಸಣ್ಣ ಸಂಗತಿಗಳೇ ದೊಡ್ಡವು. ಪಿಸ್ಟನ್ನಿನ ರಿಂಗ್ ಕೂರುವ ಗಾಡಿಯಲ್ಲಿ ಸಣ್ಣ ಮೊಳೆಗಳಿರುತ್ತವೆ. ರಿಂಗಿನ ಎರಡು ತುದಿಗಳು ಆ ಮೊಳೆಯ ಎಡಬಲಕ್ಕೆ ಬರಬೇಕು. ತಪ್ಪಿದರೆ ತುದಿ ಗೋಡೆಯ ಕಿಂಡಿಗೆ ಸಿಕ್ಕಿ ಮುರಿಯುತ್ತದೆ. ಪಿಸ್ಟನ್ ಪಿನ್ನಿನ ಲಾಕ್ ಹಾಕುವಾಗ ಕ್ರ್ಯಾಂಕ್ ಕೇಸಿನ ಬಾಯಿಗೆ ಬಟ್ಟೆ ತುರುಕಬೇಕು, ಇಲ್ಲವಾದರೆ ಜಾರಿದ ಲಾಕ್ ಒಳಗೆ ಬಿದ್ದು ಮತ್ತೆ ಎಲ್ಲವನ್ನೂ ಬಿಚ್ಚಿಸುತ್ತದೆ. ಜಾವಾ–ಯೆಜ್ಡಿಯದೇ ಒಂದು ವೈಶಿಷ್ಟ್ಯವೂ ಇದೆ: ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ, ಗೇರ್ ತುಳಿದರೆ ಕ್ಲಚ್ ತಾನೇ ಬಿಡುತ್ತದೆ. ಈ ಏರ್ಪಾಡನ್ನು ಹದಕ್ಕೆ ತರದಿದ್ದರೆ ಎಂಜಿನ್ ಚೆನ್ನಾಗಿದ್ದರೂ ಗಾಡಿ ಹಿಡಿತಕ್ಕೆ ಬಾರದು.

ಎಂಜಿನ್ ಸದ್ದು ಮಾಡಿದ ದಿನ ಸಿಹಿ ಹಂಚುವುದೇನೋ ಸರಿ, ಆದರೆ ನಾಲ್ಕನೇ ಗೇರಿನಲ್ಲಿ ಊರು ಸುತ್ತುವ ದಿನ ಅದಲ್ಲ. ಪೆಟ್ರೋಲಿಗೆ ಸಾಮಾನ್ಯವಾಗಿ ಲೀಟರಿಗೆ 40 ಮಿ.ಲೀ. ಟೂ ಟಿ ಎಣ್ಣೆ ಬೆರೆಸುವವರು ಹೊಸ ಪಿಸ್ಟನ್ನಿಗೆ ಮೊದಮೊದಲು 50 ಮಿ.ಲೀ. ಹಾಕುತ್ತಾರೆ. ಹಿಂದೆ ಬಂಕಿನವರೇ ಕೈಪಂಪಿನಿಂದ ಅಳೆದು ಸುರಿಯುತ್ತಿದ್ದರು. ಈಗ ಸವಾರರೇ ಡಿಕ್ಕಿಯಲ್ಲಿ ಎಣ್ಣೆಯ ಬಾಟಲಿ ಇಟ್ಟುಕೊಳ್ಳಬೇಕು. ಮೊದಲ 500 ಕಿ.ಮೀ. ಏರುದಾರಿಯಲ್ಲಿ ತಿಣುಕಿಸದೆ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸದೆ, ಆಗಾಗ ನಿಲ್ಲಿಸಿ ತಣಿಸುತ್ತ ಹೋಗಬೇಕು. ಎಂಜಿನ್ ತಣ್ಣಗಾದ ಮೇಲೆ ಹೆಡ್ಡಿನ ನಟ್‌ಗಳನ್ನು ಅಡ್ಡಡ್ಡವಾಗಿ ಮತ್ತೊಮ್ಮೆ ಬಿಗಿಯಬೇಕು. ಆಗಲೇ ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ಬಣ್ಣವನ್ನು ನೋಡುವುದುಂಟು. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲು ಅಥವಾ ಎಣ್ಣೆ ಹೆಚ್ಚು; ಸುಣ್ಣದಂತೆ ಬಿಳುಪಾಗಿದ್ದರೆ ಗಾಳಿ ಹೆಚ್ಚು, ಗಾಡಿಯನ್ನು ಅಲ್ಲಿಗೇ ನಿಲ್ಲಿಸಿ ಸೀಲ್‌ಗಳನ್ನು ಪರೀಕ್ಷಿಸಬೇಕು. ಹುರಿದ ಕಾಫಿಬೀಜದ ಬಣ್ಣವಿದ್ದರೆ ಪ್ಲಗ್ ಮತ್ತೆ ಹಾಕಿ ಮುಂದೆ ಹೊರಡಬಹುದು.