ಗೇರ್‌ಬಾಕ್ಸ್ ಒಡೆಯುವುದು ಲಾರಿ ಓಡುವಾಗಲ್ಲ

ಕಾರಿನ ಗೇರ್‌ಬಾಕ್ಸ್ ಕೈಕೊಟ್ಟರೆ ಹೊಸದನ್ನೇ ಕೊಳ್ಳುವವರು ಕಡಿಮೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲೋ ಜೆ.ಸಿ. ರಸ್ತೆಯ ಪರಿಚಯದ ಅಂಗಡಿಯಲ್ಲೋ ಒಳ್ಳೆಯ ಸ್ಥಿತಿಯ ಹಳೆಯದೊಂದನ್ನು ಹುಡುಕಿಸಿ, ಕಲಾಸಿಪಾಳ್ಯದ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಬುಕ್ ಮಾಡಿಸಿ, ಬೀದರಿಗೋ ಶಿರಸಿಗೋ ತರಿಸಿಕೊಳ್ಳುತ್ತಾರೆ. ಅಂಗಡಿಯಲ್ಲಿ ಸರಿಯಿದ್ದ ಮಾಲು ಊರು ಮುಟ್ಟುವಷ್ಟರಲ್ಲಿ ಬಿರುಕು ಬಿಟ್ಟಿದ್ದರೆ ಬೈಸಿಕೊಳ್ಳುವುದು ರಸ್ತೆಯ ಗುಂಡಿ ಮತ್ತು ಲಾರಿ ಡ್ರೈವರ್. ಆದರೆ ಮಾಲು ಸಾಗುವ ದಾರಿ ನೋಡಿ: ಅಂಗಡಿಯಿಂದ ಟೆಂಪೊ, ಟೆಂಪೊದಿಂದ ಬುಕಿಂಗ್ ಆಫೀಸು, ಅಲ್ಲಿಂದ ಗೋಡೌನು, ಲಾರಿ, ನಡುದಾರಿಯಲ್ಲಿ ಇನ್ನೊಂದು ಲಾರಿ, ಕೊನೆಗೆ ಊರಿನ ಆಫೀಸು. ಪ್ರತಿ ಸಲವೂ ಒಬ್ಬ ಹಮಾಲ ಅದನ್ನು ಎತ್ತಿ ಇಳಿಸಬೇಕು. ಜಿಡ್ಡು ಮೆತ್ತಿದ, ಹಿಡಿಯಲು ಜಾಗವೇ ಇಲ್ಲದ 40 ಕಿಲೊ ಲೋಹ ನೆಲಕ್ಕೆ ಇನ್ನೊಂದು ಅಡಿ ಇರುವಾಗ ಕೈ ಜಾರುತ್ತದೆ. ಪ್ಯಾಕಿಂಗ್ ಬಗ್ಗೆ ನಮ್ಮಲ್ಲಿ ಓಡಾಡುವ ನಂಬಿಕೆಗಳು ಈ ಒಂದು ಅಡಿಯನ್ನು ಲೆಕ್ಕಕ್ಕೇ ಹಿಡಿದಿಲ್ಲ.

“ಕಬ್ಬಿಣ ತಾನೆ, ಏನಾಗುತ್ತೆ?”

ಲಾರಿ ಗೇರ್‌ಬಾಕ್ಸಿನ ಹೊರಮೈ ಬೀಡುಕಬ್ಬಿಣದ್ದಿರಬಹುದು. ಇಂದಿನ ಕಾರುಗಳದ್ದು ಬಹುಪಾಲು ಎರಕದ ಅಲ್ಯೂಮಿನಿಯಂ. ಅದು ಬಾಗಿ ತಾಳಿಕೊಳ್ಳುವುದಿಲ್ಲ, ಪೆಟ್ಟು ಬಿದ್ದರೆ ಸೀಳುತ್ತದೆ. ಮೊದಲು ಹೋಗುವುದು ಬೋಲ್ಟ್ ಹಾಕುವ ಮೌಂಟಿಂಗ್ ಕಿವಿಗಳು, ಆಮೇಲೆ ಎಂಜಿನಿಗೆ ಕೂಡುವ ಗಂಟೆಯಾಕಾರದ ಬೆಲ್ ಹೌಸಿಂಗಿನ ಅಂಚು. ಕಿವಿ ಮುರಿದರೆ ಕಣ್ಣಿಗೆ ಬೀಳುತ್ತದೆ. ಕೂದಲೆಳೆಯ ಬಿರುಕು ಗೊತ್ತಾಗುವುದು ಗಾಡಿಗೆ ಕೂರಿಸಿ, ಆಯಿಲ್ ತುಂಬಿ, ನಾಲ್ಕು ದಿನ ಓಡಿಸಿದ ಮೇಲೆ, ನೆಲದಲ್ಲಿ ಕಲೆ ಕಂಡಾಗ. ಅಷ್ಟೊತ್ತಿಗೆ ಬಿಚ್ಚಿ ಕೂರಿಸಿದ ಕೂಲಿಯೂ ಹೋಗಿರುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. 45 ಕಿಲೊ ಗೇರ್‌ಬಾಕ್ಸ್ 30 ಸೆಂಟಿಮೀಟರ್ ಎತ್ತರದಿಂದ ಸಿಮೆಂಟ್ ನೆಲಕ್ಕೆ ಬಿದ್ದು ಅರ್ಧ ಸೆಂಟಿಮೀಟರಿನೊಳಗೆ ನಿಂತರೆ, ಅದರ ಮೇಲೆ ಬೀಳುವ ಸರಾಸರಿ ಬಲ ತನ್ನ ತೂಕದ ಸುಮಾರು 60 ಪಟ್ಟು, ಅಂದರೆ 2,700 ಕಿಲೊ ಹೇರಿದಂತೆ. ಕೆಳಗೆ 5 ಸೆಂಟಿಮೀಟರ್ ಕುಗ್ಗಬಲ್ಲ ವಸ್ತು ಇದ್ದರೆ ಅದೇ ಪೆಟ್ಟು 7 ಪಟ್ಟಿಗೆ ಇಳಿಯುತ್ತದೆ. ಪ್ಯಾಕಿಂಗ್ ಮಾಡಬೇಕಾದ ಕೆಲಸ ಇದೇ: ಬಿದ್ದ ಮಾಲು ನಿಧಾನವಾಗಿ ನಿಲ್ಲುವಂತೆ ನೋಡಿಕೊಳ್ಳುವುದು.

“ಥರ್ಮಾಕೋಲ್, ಬಬಲ್ ಶೀಟ್ ಸುತ್ತಿದ್ದೇವಲ್ಲ!”

ಟೀವಿಗೆ ಅದು ಸರಿ. ಟೀವಿ ಹಗುರ, ಅಂಚುಗಳು ಸಪಾಟು. ಗೇರ್‌ಬಾಕ್ಸ್ ಕೂರುವುದು ಮೂರು ನಾಲ್ಕು ಚೂಪು ಬಿಂದುಗಳ ಮೇಲೆ. ಮೊದಲ ಸಲ ಇಳಿಸಿದಾಗಲೇ ಆ ಬಿಂದುಗಳು ಥರ್ಮಾಕೋಲನ್ನು ಪುಡಿಮಾಡಿ ತಳ ಮುಟ್ಟುತ್ತವೆ. ಮುಂದಿನ ದಾರಿಯಲ್ಲಿ ಅದು ಇದ್ದೂ ಇಲ್ಲದಂತೆ. ಗೋಣಿತಾಟಿನಲ್ಲಿ ಸುತ್ತಿ ಸುತಳಿಯಲ್ಲಿ ಹೊಲಿಯುವ ರೂಢಿಯೂ ಅಷ್ಟೇ, ಗೀರು ತಪ್ಪೀತು, ಪೆಟ್ಟು ತಪ್ಪದು.

ಮ್ಯಾನುಯಲ್ ಗೇರ್‌ಬಾಕ್ಸಿಗೆ ಇದಕ್ಕಿಂತ ಅಗ್ಗದ, ಗಟ್ಟಿ ಉಪಾಯ ಒಂದು ಹಳೆಯ ಟಯರು. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ದಪ್ಪ ಪ್ಲೈವುಡ್ ಹಲಗೆಯ ಮೇಲೆ ಟಯರನ್ನು ಮಲಗಿಸಿ, ಬೆಲ್ ಹೌಸಿಂಗಿನ ಬಾಯಿ ಕೆಳಗಾಗುವಂತೆ ಅದರ ಮೇಲೆ ಗೇರ್‌ಬಾಕ್ಸ್ ಕೂರಿಸಿ. ಹೊರಗೆ ಚಾಚಿದ ಇನ್‌ಪುಟ್ ಶಾಫ್ಟ್ ಟಯರಿನ ಹೊಟ್ಟೆಯೊಳಗೆ ಇಳಿಯುತ್ತದೆ, ಅದರ ತುದಿ ಹಲಗೆಗೆ ತಾಗಬಾರದು. ಆಮೇಲೆ ಬೆಲ್ಟ್ ಎಳೆದು ಹಲಗೆ, ಟಯರು, ಗೇರ್‌ಬಾಕ್ಸ್ ಮೂರನ್ನೂ ಒಂದೇ ಗಂಟಾಗಿ ಬಿಗಿಯಿರಿ. ಬೆಲ್ಟು ಸೆನ್ಸರ್ ಮೇಲೆ, ಗೇರ್ ಲಿವರ್ ಮೇಲೆ ಹಾಯಬಾರದು. ಹಲಗೆಯ ಅಡಿಗೆ ಎರಡು ರೀಪರ್ (ಮರದ ಪಟ್ಟಿ) ಹೊಡೆಯಿರಿ. ಇದನ್ನು ಬಿಟ್ಟರೆ ಉಳಿದ ಶ್ರಮದ ಫಲ ಅರ್ಧವಾಗುತ್ತದೆ. ರೀಪರ್ ಇದ್ದರೆ ಎತ್ತುವವರ ಬೆರಳು ಅಡಿಗೆ ಹೋಗುತ್ತದೆ, ಇಳಿಸುವಾಗ ಕೊನೆಯ ಅಡಿಯನ್ನೂ ಹಿಡಿದೇ ಇಳಿಸಬಹುದು.

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕಥೆ ಬೇರೆ. ಅದನ್ನು ತಳದ ಆಯಿಲ್ ಪ್ಯಾನ್ ಮೇಲೆ ಕೂರಿಸಲೇಬಾರದು. ಅದು ತೆಳು ತಗಡು, ಒಳಕ್ಕೆ ತಗ್ಗಾದರೆ ಆಯಿಲ್ ಫಿಲ್ಟರಿಗೆ ಒತ್ತಿಕೊಳ್ಳುತ್ತದೆ. ಎರಡೂ ಬದಿಗೆ ಮರದ ತುಂಡು ಕೊಟ್ಟು ಪ್ಯಾನ್ ಗಾಳಿಯಲ್ಲಿರುವಂತೆ ಕೂರಿಸಿ. ಇನ್ನೊಂದು ಟಾರ್ಕ್ ಕನ್ವರ್ಟರ್. ಅದು ಶಾಫ್ಟಿನ ಮೇಲೆ ಸುಮ್ಮನೆ ಕೂತಿರುವ ಭಾರವಾದ ಬಿಡಿಭಾಗ. ದಾರಿಯಲ್ಲಿ ಸ್ವಲ್ಪ ಮುಂದೆ ಸರಿದರೂ ಒಳಗಿನ ಆಯಿಲ್ ಪಂಪಿನ ಹಿಡಿತ ತಪ್ಪುತ್ತದೆ. ಗೊತ್ತಿಲ್ಲದೆ ಹಾಗೆಯೇ ಎಂಜಿನಿಗೆ ಜೋಡಿಸಿ ಬೋಲ್ಟ್ ಬಿಗಿದರೆ ಪಂಪು ಒಡೆಯುತ್ತದೆ. ಬೆಲ್ ಹೌಸಿಂಗಿನ ಬಾಯಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಬೋಲ್ಟ್ ಮಾಡಿದರೆ ಕನ್ವರ್ಟರ್ ಅಲುಗದು.

“ಆಯಿಲ್ ಇರಲಿ, ತುಕ್ಕು ಹಿಡಿಯಲ್ಲ”

ಎಣ್ಣೆ ತೆಗೆದ ಮೇಲೂ ಒಳಗಿನ ಹಲ್ಲುಗಳ ಮೇಲೆ ಉಳಿಯುವ ಪದರವೇ ಪ್ರಯಾಣದ ದಿನಗಳಿಗೆ ಸಾಕು. ತೆಗೆಯದಿದ್ದರೆ ಆಕ್ಸೆಲ್ ತೂತಿನಿಂದ, ಗಾಳಿಯಾಡುವ ಬ್ರೀದರಿನಿಂದ ಸೋರಿ ರಟ್ಟಿನ ಪೆಟ್ಟಿಗೆಯನ್ನು ನೆನೆಸುತ್ತದೆ, ಅದರ ತಳ ಕಳಚುತ್ತದೆ. ಪಕ್ಕದಲ್ಲಿ ಯಾರದೋ ಅಂಗಡಿಯ ಬಟ್ಟೆ ಗಂಟು ಇದ್ದರೆ ಅವರ ಮಾಲೂ ಹಾಳು. ಎಣ್ಣೆ ಸೋರುವ ಪಾರ್ಸೆಲನ್ನು ಬುಕಿಂಗ್ ಆಫೀಸಿನವರು ವಾಪಸ್ ಕಳಿಸಿದರೆ ಅದು ಕಿರಿಕಿರಿಯಲ್ಲ, ನ್ಯಾಯ. ಹಿಂದಿನ ದಿನವೇ ಡ್ರೈನ್ ಬೋಲ್ಟ್ ಬಿಚ್ಚಿ ರಾತ್ರಿಯಿಡೀ ಬಸಿಯಲು ಬಿಡಿ. ತೂತುಗಳಿಗೆ ಅಳತೆಯ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಬ್ರೀದರಿಗೆ ಟೇಪು ಸುತ್ತಿ. ಬಟ್ಟೆ ತುರುಕುವುದಾದರೆ ಒಂದು ತುದಿ ಹೊರಗೆ ಕಾಣುವಂತಿರಲಿ.

“ದೊಡ್ಡ ಪೆಟ್ಟಿಗೆಯಾದಷ್ಟೂ ಭದ್ರ”

ಜಾಗ ಹೆಚ್ಚಿದಷ್ಟೂ ಒಳಗೆ ಓಡಾಟ ಹೆಚ್ಚು. ಬಾಡಿಗೆಯೂ ಏರುತ್ತದೆ. ವಿಮಾನದಲ್ಲಿ ಮಾಲು ಕಳಿಸುವ ಕೊರಿಯರಿನವರು ಸಾಮಾನ್ಯವಾಗಿ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ, ಅದು ಮತ್ತು ನಿಜವಾದ ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ದರ ಹಾಕುತ್ತಾರೆ. 70×50×50 ಅಳತೆಯ ಪೆಟ್ಟಿಗೆಗೆ 35 ಕಿಲೊ ಬರುತ್ತದೆ, ಆಗ ನಿಜವಾದ 45 ಕಿಲೊಗೆ ಹಣ. ಅದನ್ನೇ 100×80×80 ಪೆಟ್ಟಿಗೆಗೆ ಹಾಕಿದರೆ 128 ಕಿಲೊಗೆ ಹಣ ಕಟ್ಟಬೇಕು. ಲಾರಿ ಪಾರ್ಸೆಲಿನಲ್ಲಿ ಭಾಜಕ ಬೇರೆ, ತತ್ವ ಒಂದೇ. ಮನೆ ಬಾಗಿಲಿಗೆ ಬೇಡ, ಗೋಡೌನ್ ಡೆಲಿವರಿ ಸಾಕು ಎಂದರೆ ಇನ್ನೂ ಉಳಿತಾಯ. ಎಲ್ಲಕ್ಕಿಂತ ದುಬಾರಿ, ತಪ್ಪು ಮಾಡೆಲ್ ಬಂದು ವಾಪಸ್ ಕಳಿಸುವ ಬಾಡಿಗೆ. ಗೇರ್‌ಬಾಕ್ಸ್ ಮೇಲಿನ ನಂಬರಿನ ಫೋಟೊ ತರಿಸಿ ಮೆಕ್ಯಾನಿಕ್ಕಿಗೆ ತೋರಿಸದೆ ಬುಕ್ ಮಾಡಿಸಬೇಡಿ.

“ಫ್ರಜೈಲ್ ಸ್ಟಿಕರ್ ಅಂಟಿಸಿದರೆ ಹುಷಾರಾಗಿ ಎತ್ತುತ್ತಾರೆ”

ಗೋಡೌನಿನ ಕತ್ತಲಲ್ಲಿ, ಲಾರಿ ಹೊರಡುವ ಗಡಿಬಿಡಿಯಲ್ಲಿ ಆ ಸ್ಟಿಕರಿನ ಗಾಜಿನ ಲೋಟದ ಚಿತ್ರ ಯಾರಿಗೂ ಏನೂ ಹೇಳುವುದಿಲ್ಲ. ಹಮಾಲರಿಗೆ ಬೇಕಾದ ಮಾಹಿತಿ ತೂಕ. “45 ಕೆಜಿ, ಇಬ್ಬರು ಎತ್ತಿ” ಎಂದು ನಾಲ್ಕೂ ಬದಿಗೆ ದಪ್ಪ ಅಕ್ಷರದಲ್ಲಿ ಬರೆಯಿರಿ, ಹೊರರಾಜ್ಯಕ್ಕಾದರೆ ಹಿಂದಿಯಲ್ಲೂ. ಒಬ್ಬ ವಯಸ್ಕ ಗಂಡಾಳು ಹೊರುವ ಭಾರ 55 ಕಿಲೊ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸುಗಳು ಎಷ್ಟೋ ಸಲ ಅದನ್ನು ದಾಟುತ್ತವೆ. ತೂಕ ಮುಚ್ಚಿಟ್ಟು ಕಳಿಸಿದ ಮಾಲು ಇನ್ನೊಬ್ಬರ ಬೆನ್ನು ಮುರಿಯಬಲ್ಲದು. ಅದರ ಹೊಣೆ ಕಳಿಸಿದವರದು.

“ಓನರ್ಸ್ ರಿಸ್ಕ್ ಅಂತ ಬರೆದಿದ್ದಾರೆ, ಇನ್ನೇನು ಕೇಳೋದು?”

ಕೇಳಬಹುದು. ಹಾನಿಯಾದರೆ ಹೊಣೆ ಮಾಲೀಕರದೇ ಎಂಬ ಆ ಮಾತು ರಸೀದಿಯಲ್ಲಿದ್ದ ಮಾತ್ರಕ್ಕೆ ಸಾಗಣೆದಾರರ ನಿರ್ಲಕ್ಷ್ಯದ ಹೊಣೆ ಅಳಿಯುವುದಿಲ್ಲವೆಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. 2007ರ ರಸ್ತೆ ಸಾಗಣೆ ಕಾಯ್ದೆಯಡಿ ನಿರ್ಲಕ್ಷ್ಯವನ್ನು ನೀವು ಸಾಬೀತು ಮಾಡಬೇಕಾಗಿಯೂ ಇಲ್ಲ. ಆದರೆ ಮಿತಿಯೊಂದಿದೆ. ಹೆಚ್ಚಿನ ಹೊಣೆಗಾಗಿ ಸಾಗಣೆದಾರರು ಕೇಳುವ ‘ಹೆಚ್ಚಿನ ಅಪಾಯದ ದರ’ ಕಟ್ಟದಿದ್ದರೆ ಪರಿಹಾರ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ, ಅದೂ ನೀವು ಬರೆಸಿದ ಬೆಲೆಯನ್ನು ಮೀರದು. ಬಾಡಿಗೆ 600 ರೂಪಾಯಿಯಾದರೆ 6,000. ನಾಲ್ಕು ಕಾಸು ಉಳಿಸಲು ಮಾಲಿನ ಬೆಲೆ 2,000 ಎಂದು ಬರೆಸಿದವರಿಗೆ ಅಷ್ಟೂ ಸಿಗದು. ಬೆಲೆ 50,000 ದಾಟಿದರೆ ಇ-ವೇ ಬಿಲ್ಲೂ ಬೇಕಾಗುತ್ತದೆ.

ಕಟ್ಟುವ ಮೊದಲು ಮತ್ತು ಕಟ್ಟಿದ ಮೇಲೆ ಫೋಟೊ ತೆಗೆದಿಡಿ. ಊರಿನ ಆಫೀಸಿನಲ್ಲಿ ಸಹಿ ಹಾಕುವ ಮುಂಚೆ ಅಲ್ಲೇ ಬಿಚ್ಚಿ ಕಿವಿಗಳನ್ನೂ ಅಂಚನ್ನೂ ನೋಡಿ. ಒಡೆದಿದ್ದರೆ ಡೆಲಿವರಿ ಪ್ರತಿಯ ಮೇಲೆಯೇ ಬರೆಯಿರಿ. ದಾವೆ ಹೂಡುವುದಾದರೆ ಅದಕ್ಕೆ ಮೊದಲು, ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಸರಿಯಿದ್ದರೆ, ಗಾಡಿಗೆ ಕೂರಿಸುವ ಮುಂಚೆ ತೂತಿಗೆ ತುರುಕಿದ ಬಟ್ಟೆಯನ್ನೂ ಬ್ರೀದರಿಗೆ ಸುತ್ತಿದ ಟೇಪನ್ನೂ ತೆಗೆಯಿರಿ. ಟೇಪು ಉಳಿದರೆ ಒಳಗೆ ಒತ್ತಡ ಏರಿ ಆಯಿಲ್ ಸೀಲು ಸೋರುತ್ತದೆ. ಆಮೇಲೆ ಕಂಪನಿ ಹೇಳಿದ ಅಳತೆಗೆ ಹೊಸ ಆಯಿಲ್ ತುಂಬಿಸಿ.